ಹಳೆ ಡಿಜಿಟಲ್ ಕ್ಯಾಮೆರಾ ಎಷ್ಟು ವರ್ಷ ಕೆಲಸಕ್ಕೆ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕೈಯಲ್ಲಿರುವುದು 2008ರಲ್ಲಿ ಬಂದ ನಿಕಾನ್ ಡಿ90. ಮನೆ ಇರುವುದು ಕರಾವಳಿಯಲ್ಲಿ. ಯಕ್ಷಗಾನದ ಆಟ, ನೆಂಟರ ಮನೆಯ ಉಪನಯನ, ಮಳೆಗಾಲದ ಗದ್ದೆ, ಊರವರ ಹಳೆ ಫೋಟೊಗಳ ನಕಲು, ಎಲ್ಲಕ್ಕೂ ಅದೇ ಕ್ಯಾಮೆರಾ. ಆಟಕ್ಕೆ ಹೋದಾಗ ಪಕ್ಕದಲ್ಲಿ ಕೂತವರು ಅದನ್ನು ನೋಡಿ ಕೇಳುವ ಮೊದಲ ಮಾತು, "ಇದು ಇನ್ನೂ ನಡೀತದಾ?" ಅಂತ. ಆಮೇಲೆ ಒಂದೊಂದಾಗಿ ಬೇರೆ ಪ್ರಶ್ನೆಗಳೂ ಬರುತ್ತವೆ. ಅವುಗಳಿಗೆ ನಾನು ಕೊಡುವ ಉತ್ತರಗಳನ್ನೇ ಇಲ್ಲಿ ಬರೆದಿದ್ದೇನೆ.

ಡಿಜಿಟಲ್ ಕ್ಯಾಮೆರಾಕ್ಕೆ ಇಷ್ಟೇ ವರ್ಷ ಆಯುಸ್ಸು ಅಂತ ಇದೆಯಾ?

ಒಂದೇ ಲೆಕ್ಕ ಎಲ್ಲಕ್ಕೂ ಹೊಂದುವುದಿಲ್ಲ. ಕ್ಯಾಮೆರಾ ಎಷ್ಟು ಹಳೆಯದು ಅನ್ನುವುದಕ್ಕಿಂತ ಅದು ಯಾವ ಕಾಲದಲ್ಲಿ ಹುಟ್ಟಿತು ಅನ್ನುವುದು ಮುಖ್ಯ.

2000ದಲ್ಲಿ ಬಂದ ಕೆನಾನ್ ಡಿ30ರಲ್ಲಿ ಇದ್ದದ್ದು ಸುಮಾರು 3 ಮೆಗಾಪಿಕ್ಸೆಲ್, ಅಂದರೆ ಚಿತ್ರದಲ್ಲಿ 30 ಲಕ್ಷ ಚುಕ್ಕಿ. 2003ರಲ್ಲಿ ಅದೇ ಕಂಪನಿಯ 300ಡಿ ಬಂತು, 6 ಮೆಗಾಪಿಕ್ಸೆಲ್. ಬೆಲೆಯೂ ಅಮೆರಿಕದಲ್ಲಿ 1000 ಡಾಲರ್‌ಗಿಂತ ಕೆಳಗೆ ಇಳಿಯಿತು. 2008ರ ಡಿ90ಯಲ್ಲಿ 12. 2012ರಲ್ಲಿ, ಹೊಸದಾಗಿ ಕಲಿಯುವವರಿಗೆಂದೇ ಮಾಡಿದ ನಿಕಾನ್ ಡಿ3200ರಲ್ಲಿ 24. ಅಂದರೆ ನಾಲ್ಕೈದು ವರ್ಷಕ್ಕೊಮ್ಮೆ ದುಪ್ಪಟ್ಟು. ಅದರ ಜೊತೆಗೆ ಆನ್ ಆಗುವ ವೇಗ, ಹಿಂದಿನ ಪರದೆ, ಕತ್ತಲೆಯಲ್ಲಿ ತೆಗೆಯುವ ಶಕ್ತಿ ಎಲ್ಲವೂ ಓಡುತ್ತಿದ್ದವು. ಆ ಕಾಲದಲ್ಲಿ ಮೂರು ವರ್ಷದ ಕ್ಯಾಮೆರಾ ನಿಜಕ್ಕೂ ಹಳೆಯದೇ.

ಆಮೇಲೆ ನೋಡಿ. 2018ರ ಸೋನಿ ಎ7 III, 2022ರ ಕೆನಾನ್ ಆರ್6 ಮಾರ್ಕ್ 2, 2024ರ ನಿಕಾನ್ ಝಡ್6 III. ಎಲ್ಲದರಲ್ಲೂ 24ರ ಆಸುಪಾಸಿನಲ್ಲೇ ಮೆಗಾಪಿಕ್ಸೆಲ್. 45, 61 ಇರುವ ಕ್ಯಾಮೆರಾಗಳೂ ಇವೆ, ಇಲ್ಲ ಅಂತಲ್ಲ. ಆದರೆ ಹೆಚ್ಚಿನವರಿಗೆ ಬೇಕಾದಷ್ಟು 2012ರಲ್ಲೇ ಸಿಕ್ಕಿಬಿಟ್ಟಿತ್ತು. ಹಾಗಾಗಿ 2001ರ ಕ್ಯಾಮೆರಾ 2005ಕ್ಕೆ ಮುದಿಯಾಯಿತು. 2012ರದ್ದು ಹತ್ತು ವರ್ಷ ಕಳೆದರೂ ಗಟ್ಟಿಯಾಗಿಯೇ ಇತ್ತು.

ನನ್ನ ಅಂದಾಜು ಹೀಗಿದೆ. 2005ಕ್ಕಿಂತ ಹಿಂದಿನದು ಪ್ರೀತಿಗೆ ಇಟ್ಟುಕೊಳ್ಳುವಂಥದ್ದು. 2005ರಿಂದ 2008ರವರೆಗಿನದು ಒಳ್ಳೆಯ ಬೆಳಕಿದ್ದರೆ ಈಗಲೂ ಚೆನ್ನಾಗಿ ನಡೆಯುತ್ತದೆ. 2008ರಿಂದ 2012ರವರೆಗಿನದು, ಅದರ ಮಿತಿ ಗೊತ್ತಿದ್ದರೆ, ಸ್ಥಿರಚಿತ್ರದ ಬಹುತೇಕ ಕೆಲಸಕ್ಕೆ ಸಾಕು. 2012ರ ನಂತರದ ಒಂದು ಒಳ್ಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ) ಅನ್ನು ಬರೀ ಚಿತ್ರದ ಗುಣಮಟ್ಟದ ಕಾರಣ ಹೇಳಿ ಬದಿಗಿಡುವುದು ನನಗೆ ಸರಿ ಕಾಣುವುದಿಲ್ಲ.

ಮೆಗಾಪಿಕ್ಸೆಲ್ ಕಡಿಮೆ ಇದ್ದರೆ ದೊಡ್ಡ ಪ್ರಿಂಟ್ ಹಾಕಿಸಲು ಆಗುತ್ತದಾ?

ಲೆಕ್ಕ ಸುಲಭ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್‌ಗೆ ಒಂದು ಇಂಚಿಗೆ 300 ಚುಕ್ಕಿ ಇದ್ದರೆ ಬೇಕಾದಷ್ಟಾಯಿತು. ಆಲ್ಬಮ್ಮಿನ 4x6 ಇಂಚಿನ ಫೋಟೊಕ್ಕೆ ಬೇಕಾಗುವುದು 2 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿ. 8x10ಕ್ಕೆ 7. ಗೋಡೆಗೆ ಹಾಕುವ 12x18 ಅನ್ನು ಯಾರೂ ಮೂಗಿನ ಹತ್ತಿರ ಹಿಡಿದು ನೋಡುವುದಿಲ್ಲ. ಅದಕ್ಕೆ ಇಂಚಿಗೆ 200 ಸಾಕು. ಹಾಗೆ ಹಿಡಿದರೆ 9 ಮೆಗಾಪಿಕ್ಸೆಲ್ ಕೂಡ ಬೇಡ. ನಮ್ಮ ಮನೆಯ ಜಗಲಿಯಲ್ಲಿ ಡಿ90ಯ ಒಂದು 12x18 ಇದೆ. ಬಂದವರು ಯಾವ ಕ್ಯಾಮೆರಾ ಅಂತ ಕೇಳುತ್ತಾರೆಯೇ ಹೊರತು ಎಷ್ಟು ಮೆಗಾಪಿಕ್ಸೆಲ್ ಅಂತ ಯಾರೂ ಕೇಳಿಲ್ಲ.

ಇನ್ನೊಂದು ವಿಷಯ. ಮೆಗಾಪಿಕ್ಸೆಲ್ ದುಪ್ಪಟ್ಟಾದರೆ ಪ್ರಿಂಟ್‌ನ ಅಗಲ ದುಪ್ಪಟ್ಟಾಗುವುದಿಲ್ಲ, ಸುಮಾರು 1.4 ಪಟ್ಟು ಮಾತ್ರ. ಅಗಲ ದುಪ್ಪಟ್ಟಾಗಬೇಕಾದರೆ ಮೆಗಾಪಿಕ್ಸೆಲ್ ನಾಲ್ಕು ಪಟ್ಟಾಗಬೇಕು. 12ರಿಂದ 24ಕ್ಕೆ ಹೋದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಪೆಟ್ಟಿಗೆಯ ಮೇಲಿನ ಸಂಖ್ಯೆಯಷ್ಟು ದೊಡ್ಡದಲ್ಲ.

ಮಂಗಳನ ಮೇಲೆ 2004ರಲ್ಲಿ ಇಳಿದ ಆಪರ್ಚುನಿಟಿ ರೋವರ್‌ನ ಕ್ಯಾಮೆರಾ 1 ಮೆಗಾಪಿಕ್ಸೆಲ್‌ನದ್ದು. ಅದು 2018ರವರೆಗೆ ಚಿತ್ರ ಕಳಿಸಿತು. ಹತ್ತಾರು ಚಿತ್ರಗಳನ್ನು ಒಂದಕ್ಕೊಂದು ಜೋಡಿಸಿ ದೊಡ್ಡ ನೋಟ ಮಾಡುತ್ತಿದ್ದರು. ಅದೇ ಉಪಾಯ ನಮಗೂ ಆಗುತ್ತದೆ. ಬೆಟ್ಟದ ಸಾಲನ್ನು ಐದಾರು ಫೋಟೊಗಳಲ್ಲಿ ತೆಗೆದು ಕಂಪ್ಯೂಟರ್‌ನಲ್ಲಿ ಹೊಲಿದರೆ 6 ಮೆಗಾಪಿಕ್ಸೆಲ್‌ನ ಕ್ಯಾಮೆರಾದಿಂದಲೂ ಗೋಡೆ ತುಂಬುವ ಚಿತ್ರ ಬರುತ್ತದೆ.

ಮೊದಲು ಅಷ್ಟು ಬೇಗ ಸುಧಾರಿಸಿದ್ದು ಈಗ ಯಾಕೆ ನಿಧಾನವಾಯಿತು?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಉತ್ತರ ನಮ್ಮ ಅಂಗಳದಲ್ಲೇ ಇದೆ.

ಮಳೆ ಶುರುವಾಗುವಾಗ ಅಂಗಳದಲ್ಲಿ ಒಂದೇ ಅಳತೆಯ ಹತ್ತು ಲೋಟ ಇಡಿ. ನಾಲ್ಕು ಹನಿ ಬಿದ್ದ ಮೇಲೆ ನೋಡಿದರೆ ಒಂದರಲ್ಲಿ ಎರಡು ಹನಿ, ಇನ್ನೊಂದರಲ್ಲಿ ಒಂದೂ ಇಲ್ಲ. ಜೋರು ಮಳೆ ಹೊಯ್ದ ಮೇಲೆ ನೋಡಿದರೆ ಎಲ್ಲ ಲೋಟವೂ ಹೆಚ್ಚುಕಡಿಮೆ ಸಮ. ಬೆಳಕೂ ಹನಿ ಹನಿಯಾಗಿಯೇ ಬೀಳುತ್ತದೆ. ಬೆಳಕು ಕಡಿಮೆ ಇದ್ದಾಗ ಸೆನ್ಸರ್‌ನ, ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕದ, ಒಂದೊಂದು ಚುಕ್ಕಿಗೆ ಒಂದೊಂದು ಲೆಕ್ಕ ಬೀಳುತ್ತದೆ. ಕತ್ತಲೆಯ ಫೋಟೊದಲ್ಲಿ ಕಾಣುವ ಆ ಕಾಳುಕಾಳಾದ ನಾಯ್ಸ್‌ನ ದೊಡ್ಡ ಪಾಲು ಇದೇ. ಇದು ಬೆಳಕಿನ ಸ್ವಭಾವ, ಕ್ಯಾಮೆರಾದ ದೋಷ ಅಲ್ಲ.

ಹಳೆಯ ಸೆನ್ಸರ್‌ಗಳಲ್ಲಿ ಇನ್ನೊಂದು ತೊಂದರೆ ಇತ್ತು. ಬಿದ್ದ ಹನಿಗಳಲ್ಲಿ ಬಹಳಷ್ಟು ಲೋಟಕ್ಕೆ ಸೇರುತ್ತಲೇ ಇರಲಿಲ್ಲ. ಸೇರಿದ್ದನ್ನು ಅಳೆಯುವಾಗಲೂ ತಪ್ಪಾಗುತ್ತಿತ್ತು. ಆ ಎರಡನ್ನೂ ವರ್ಷದಿಂದ ವರ್ಷಕ್ಕೆ ಸರಿಪಡಿಸಿದರು. ಅದಕ್ಕೇ ಆ ದೊಡ್ಡ ಜಿಗಿತಗಳು ಬಂದದ್ದು. 2004ರ ನಿಕಾನ್ ಡಿ70ಯ ಐಎಸ್‌ಒ, ಅಂದರೆ ಬೆಳಕು ಕಡಿಮೆ ಇದ್ದಾಗ ನಾವು ಏರಿಸುವ ಸಂಖ್ಯೆ, 1600ಕ್ಕೇ ನಿಲ್ಲುತ್ತಿತ್ತು. 2008ರ ಡಿ700 6400ಕ್ಕೆ ಆರಾಮಾಗಿ ಹೋಗುತ್ತಿತ್ತು. ಈಗಿನ ಸೆನ್ಸರ್‌ಗಳು ಬಿದ್ದ ಬೆಳಕಿನ ಅರ್ಧಕ್ಕಿಂತ ಹೆಚ್ಚನ್ನು ಹಿಡಿಯುತ್ತವೆ. ಇನ್ನು ಉಳಿದಿರುವ ಜಾಗವೇ ಕಡಿಮೆ. ಜಾಸ್ತಿ ಬೆಳಕು ಬೇಕು ಅಂದರೆ ಲೋಟವನ್ನೇ ದೊಡ್ಡದು ಮಾಡಬೇಕು, ಅಂದರೆ ದೊಡ್ಡ ಸೆನ್ಸರ್ ಅಥವಾ ದೊಡ್ಡ ಬಾಯಿಯ ಲೆನ್ಸ್.

ಹಾಗಾದರೆ ಹೊಸ ಕ್ಯಾಮೆರಾದಲ್ಲಿ ವಿಶೇಷ ಏನೂ ಇಲ್ವಾ?

ಖಂಡಿತ ಇದೆ. ಫೋಕಸ್. ಈಗಿನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳು ಮನುಷ್ಯನ ಕಣ್ಣು, ಹಕ್ಕಿಯ ಕಣ್ಣು ಹುಡುಕಿ ಹಿಡಿಯುತ್ತವೆ, ಬಿಡುವುದೂ ಇಲ್ಲ. ನನ್ನ ಡಿ90ಯಲ್ಲಿ ಫೋಕಸ್ ಬಿಂದುಗಳು 11 ಮಾತ್ರ. ಮಿಂಚುಳ್ಳಿ ನೀರಿಗೆ ಧುಮುಕುವ ಕ್ಷಣ ನನಗೆ ಸಿಗುವುದು ಅಪರೂಪ. ರಂಗನತಿಟ್ಟಿನಲ್ಲಿ ಹಾರುವ ಕೊಕ್ಕರೆಯನ್ನು ತೆಗೆಯುವುದೇ ನಿಮ್ಮ ಆಸೆಯಾಗಿದ್ದರೆ ಹೊಸದು ತೆಗೆದುಕೊಳ್ಳಿ, ಆ ದುಡ್ಡು ಸಾರ್ಥಕ.

ವಿಡಿಯೊದಲ್ಲೂ ಹಾಗೆಯೇ. ವಿಡಿಯೊ ತೆಗೆದ ಮೊದಲ ಡಿಎಸ್‌ಎಲ್‌ಆರ್ ಡಿ90ಯೇ. ಆದರೆ ಅದು 720ಪಿ, ಒಂದು ಸಲಕ್ಕೆ ಐದು ನಿಮಿಷ, ನಡುವೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಇವತ್ತಿನ ಸಾಧಾರಣ ಫೋನ್ ಕೂಡ ಇದಕ್ಕಿಂತ ಒಳ್ಳೆಯ ವಿಡಿಯೊ ತೆಗೆಯುತ್ತದೆ. ವಿಡಿಯೊಕ್ಕಾಗಿ ಹಳೆ ಡಿಎಸ್‌ಎಲ್‌ಆರ್ ಕೊಳ್ಳಬೇಡಿ.

ಕಿಸೆಯಲ್ಲಿ ಒಳ್ಳೆ ಫೋನ್ ಇರುವಾಗ ಹಳೆ ಕ್ಯಾಮೆರಾ ಯಾಕೆ?

ನಿಂತ ವಸ್ತು, ಊಟದ ಎಲೆ, ಗುಂಪಿನ ಫೋಟೊ, ಸಂಜೆಯ ಆಕಾಶ, ಇದಕ್ಕೆಲ್ಲ ಫೋನ್ ಸಾಕು. ಅದು ಒಂದು ಕ್ಷಣದಲ್ಲಿ ಹಲವು ಚಿತ್ರ ತೆಗೆದು ಒಂದಾಗಿ ಸೇರಿಸುತ್ತದೆ. ಆದರೆ ವೇಷಧಾರಿ ಗಿರಕಿ ಹೊಡೆಯುವಾಗ ಹಾಗೆ ಸೇರಿಸಿದ ಚಿತ್ರದಲ್ಲಿ ಕೈಬೆರಳು ಕರಗಿಹೋಗುತ್ತದೆ. ಡಿ90ಯಂಥ ಕ್ಯಾಮೆರಾದ ಸೆನ್ಸರ್ ದೊಡ್ಡ ಫೋನಿನ ಸೆನ್ಸರ್‌ಗಿಂತ ಸುಮಾರು ಐದು ಪಟ್ಟು ವಿಸ್ತಾರ. ದೂರದ ವಸ್ತುವಿಗೆ ನಿಜವಾದ ಲೆನ್ಸ್ ಹಾಕಬಹುದು. ಫ್ಲ್ಯಾಶ್ ಅನ್ನು ಚಾವಣಿಗೆ ತಿರುಗಿಸಿ ಹೊಡೆಯಬಹುದು. ಚೌಕಿಯ ಒಳಗೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವಾಗ ನಾನು ಹೊರಗೆ ತೆಗೆಯುವುದು ಈ ಹಳೆಯದನ್ನೇ.

ಹಳೆ ಕ್ಯಾಮೆರಾದಲ್ಲಿ ರಾತ್ರಿ ಆಟದ ಫೋಟೊ ಕಾಳುಕಾಳಾಗುತ್ತದೆ. ಏನು ಮಾಡಬಹುದು?

ಎರಡು ಕೆಲಸ. ಮೊದಲನೆಯದು ಲೆನ್ಸ್. ಕ್ಯಾಮೆರಾದ ಜೊತೆ ಬರುವ ಝೂಮ್ ಲೆನ್ಸ್ ಉದ್ದಕ್ಕೆ ಎಳೆದಾಗ ಎಫ್ 5.6 ಆಗುತ್ತದೆ. ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್‌ನ ಬಾಯಿ ದೊಡ್ಡದು. 50 ಎಂಎಂ ಎಫ್ 1.8 ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಯಾವ ಹೊಸ ಕ್ಯಾಮೆರಾವೂ ಆ ಬೆಲೆಗೆ ಅಷ್ಟು ದೊಡ್ಡ ಲಾಭ ಕೊಡುವುದಿಲ್ಲ.

ಎರಡನೆಯದು, ಜೆಪೆಗ್ ಬದಲು ರಾ ಫೈಲ್‌ನಲ್ಲಿ ತೆಗೆಯಿರಿ. ದಯವಿಟ್ಟು ಇದನ್ನು ಇವತ್ತೇ ಶುರು ಮಾಡಿ. ಜೆಪೆಗ್ ಅಂದರೆ ಅಂದಿನ ಕ್ಯಾಮೆರಾದ ಬುದ್ಧಿಯಲ್ಲಿ ಬೇಯಿಸಿ ಮುಗಿಸಿದ ಅಡುಗೆ. ರಾ ಅಂದರೆ ತರಕಾರಿ. ಮುಂದೆ ಒಳ್ಳೆಯ ಅಡುಗೆಯವರು ಸಿಕ್ಕರೆ ಮತ್ತೆ ಬೇಯಿಸಬಹುದು. ಸಿಕ್ಕಿಯೇ ಬಿಟ್ಟರು. 2023ರಲ್ಲಿ ಅಡೋಬಿ ಲೈಟ್‌ರೂಮ್‌ಗೆ ಕೃತಕ ಬುದ್ಧಿಮತ್ತೆಯ ಡಿನಾಯ್ಸ್ ಬಂತು. ಆಟದ ನನ್ನ ಹಳೆಯ ಫೈಲ್‌ಗಳು, ಐಎಸ್‌ಒ 3200ರಲ್ಲಿ ತೆಗೆದು ಬೇಸರದಿಂದ ಬದಿಗಿಟ್ಟವು, ಅದರಲ್ಲಿ ಹಾಕಿ ನೋಡಿದೆ. ಮುಂಡಾಸಿನ ಜರಿ, ಹಣೆಯ ಬೆವರು, ಎಲ್ಲ ಕಂಡಿತು. ಕ್ಯಾಮೆರಾ ಅದೇ, ರಾತ್ರಿ ಅದೇ. ಹಳೆ ಕ್ಯಾಮೆರಾ ಕಪಾಟಿನಲ್ಲಿದ್ದುಕೊಂಡೇ ಸುಧಾರಿಸಿತು ಅನ್ನಬಹುದು. ದುಡ್ಡು ಕೊಡಲು ಇಷ್ಟವಿಲ್ಲದಿದ್ದರೆ ಡಾರ್ಕ್‌ಟೇಬಲ್, ರಾಥೆರಪಿ ಎಂಬ ಉಚಿತ ತಂತ್ರಾಂಶಗಳಿವೆ. ಬಹಳ ಹಳೆಯ ಕ್ಯಾಮೆರಾಗಳ ಫೈಲ್‌ಗಳನ್ನೂ ಅವು ತೆರೆಯುತ್ತವೆ.

ಶಟರ್ ಕೌಂಟ್ ಮುಗಿದರೆ ಕ್ಯಾಮೆರಾ ಸತ್ತ ಹಾಗೆಯೇ?

ಅಲ್ಲ. ಪ್ರತಿ ಫೋಟೊಕ್ಕೂ ತೆರೆದು ಮುಚ್ಚುವ ಪರದೆಯೇ ಶಟರ್, ಅದು ಎಷ್ಟು ಸಲ ತೆರೆದು ಮುಚ್ಚಿದೆ ಅನ್ನುವುದು ಶಟರ್ ಕೌಂಟ್. ಡಿ90ಯ ಶಟರ್ ಅನ್ನು 1 ಲಕ್ಷ ಸಲ, ಡಿ700ರದ್ದನ್ನು 1.5 ಲಕ್ಷ ಸಲ ಪರೀಕ್ಷಿಸಿದ್ದೇವೆ ಅಂತ ಕಂಪನಿ ಹೇಳುತ್ತದೆ. ಅದು ಸಾಯುವ ದಿನಾಂಕ ಅಲ್ಲ. ಕೆಲವು ಅದಕ್ಕಿಂತ ಮೊದಲೇ ಹೋಗುತ್ತವೆ, ಕೆಲವು ದುಪ್ಪಟ್ಟು ಓಡುತ್ತವೆ. ವಾರಕ್ಕೆ ನೂರು ಫೋಟೊ ತೆಗೆಯುವವರಿಗೆ 1 ಲಕ್ಷ ಅಂದರೆ ಸುಮಾರು 19 ವರ್ಷ. ಮದುವೆಯ ಫೋಟೊ ತೆಗೆಯುವವರಿಗೆ ಒಂದೇ ಮದುವೆಯಲ್ಲಿ ಸಾವಿರಾರು ಆಗಿಬಿಡುತ್ತದೆ. ಹಾಗಾಗಿ ಕೈ ಬದಲಾದ ಕ್ಯಾಮೆರಾ ಕೊಳ್ಳುವಾಗ ವರ್ಷಕ್ಕಿಂತ ಮೊದಲು, ಹಿಂದಿನವರು ಏನು ಕೆಲಸ ಮಾಡುತ್ತಿದ್ದರು ಅಂತ ಕೇಳಿ.

ಹಾಗಾದರೆ ನಿಜವಾಗಿ ಮೊದಲು ಕೈಕೊಡುವುದು ಯಾವುದು?

ಕ್ಯಾಮೆರಾ ಅಲ್ಲ, ಅದರ ಸುತ್ತಲಿನ ಸಾಮಾನು. ಮುಖ್ಯವಾಗಿ ಬ್ಯಾಟರಿ ಮತ್ತು ಕಾರ್ಡ್. ಇಡೀ ವಿಷಯದಲ್ಲಿ ನಾನು ಒತ್ತಿ ಹೇಳುವ ಮಾತು ಇದೊಂದೇ.

ಕ್ಯಾಮೆರಾ ಆರಿಸುವಾಗ ಅದರ ಬ್ಯಾಟರಿ ಯಾವುದು ಅಂತ ಮೊದಲು ನೋಡಿ. ಕೆನಾನ್‌ನ ಎಲ್‌ಪಿ-ಇ6 ಮಾದರಿ 2008ರ 5ಡಿ ಮಾರ್ಕ್ 2 ಜೊತೆ ಬಂತು. ಅದೇ ಆಕಾರ ಮುಂದೆ ಮಿರರ್‌ಲೆಸ್ ಆರ್6ವರೆಗೂ ನಡೆಯಿತು. ಅಂಥ ಬ್ಯಾಟರಿ ಇನ್ನೂ ಹಲವು ವರ್ಷ ಸಿಗುತ್ತದೆ. ಡಿ90ಯ ಇಎನ್-ಇಎಲ್3ಇ ಕೂಡ ಡಿ80, ಡಿ200, ಡಿ300, ಡಿ700 ಎಲ್ಲಕ್ಕೂ ಒಂದೇ. ಪೆಂಟಾಕ್ಸ್ ಕೆ-ಎಕ್ಸ್‌ನಂಥ ಕೆಲವು ಕ್ಯಾಮೆರಾಗಳಿಗೆ ಪೆನ್ಸಿಲ್ ಸೆಲ್ ಸಾಕು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲೂ ಸಿಗುವ ಸೆಲ್ ಅದು! ಒಂದೇ ಒಂದು ಮಾದರಿಗೆ ಮಾಡಿದ ವಿಚಿತ್ರ ಬ್ಯಾಟರಿಯ ಪುಟ್ಟ ಕ್ಯಾಮೆರಾಗಳೇ ಬೇಗ ಅನಾಥವಾಗುವುದು.

ಅಗ್ಗದ ನಕಲಿ ಬ್ಯಾಟರಿಯ ಬಗ್ಗೆ ಎಚ್ಚರ. ನಾನೊಮ್ಮೆ ಒಂದು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು ಅಂತ ತಂದೆ. ಕೆಲವೇ ತಿಂಗಳಲ್ಲಿ ಅದು ಉಬ್ಬಿ ಕ್ಯಾಮೆರಾದ ಒಳಗೇ ಸಿಕ್ಕಿಕೊಂಡಿತು. ರಿಪೇರಿಯವರು ಅಡಿಯ ಮುಚ್ಚಳ ಬಿಚ್ಚಿ ತೆಗೆದುಕೊಟ್ಟರು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಒತ್ತಬೇಡಿ, ಚಾರ್ಜ್‌ಗೂ ಹಾಕಬೇಡಿ. ಬೆಂಕಿ ಹತ್ತುವ ವಸ್ತು ಅದು.

ಕಾರ್ಡ್‌ನ ಕಥೆ ಬೇರೆ. ಹಳೆಯ ಎಸ್‌ಡಿ ಕಾರ್ಡ್ 2 ಜಿಬಿಗೆ ನಿಲ್ಲುತ್ತದೆ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿವರೆಗೆ. 64 ಜಿಬಿಯಿಂದ ಮೇಲಿನದು ಎಸ್‌ಡಿಎಕ್ಸ್‌ಸಿ. ಮೂರೂ ನೋಡಲು ಒಂದೇ ಥರ. ಆದರೆ 2005ರ ಕ್ಯಾಮೆರಾಕ್ಕೆ ಇವತ್ತಿನ 64 ಜಿಬಿ ಕಾರ್ಡ್ ಹಾಕಿದರೆ ಅದು ಓದುವುದಿಲ್ಲ. ಜನ ಕ್ಯಾಮೆರಾ ಕೆಟ್ಟಿದೆ ಅಂದುಕೊಂಡು ಬಿಸಾಡುತ್ತಾರೆ. ಒಂದು ಹಳೆ 2 ಜಿಬಿ ಕಾರ್ಡ್ ಹಾಕಿ ನೋಡಿ, ಎದ್ದು ಕೂರುತ್ತದೆ. ಒಲಿಂಪಸ್, ಫ್ಯೂಜಿ ಕ್ಯಾಮೆರಾಗಳಲ್ಲಿದ್ದ ಎಕ್ಸ್‌ಡಿ ಕಾರ್ಡ್ ಮಾತ್ರ ಸಿಗುವುದೇ ಕಷ್ಟ. ಕ್ಯಾಮೆರಾದ ಜೊತೆಗೇ ಕಾರ್ಡ್ ಕೊಟ್ಟರೆ ಮಾತ್ರ ಅಂಥದ್ದನ್ನು ತೆಗೆದುಕೊಳ್ಳಿ.

ನಮ್ಮ ಕರಾವಳಿ, ಮಲೆನಾಡಿನ ಹವೆಯಲ್ಲಿ ಕ್ಯಾಮೆರಾ ಹೆಚ್ಚು ದಿನ ಬಾಳುವುದಿಲ್ಲ ಅನ್ನುತ್ತಾರಲ್ಲ?

ಕಾಳಜಿ ಮಾಡದಿದ್ದರೆ ನಿಜ. ತೇವ, ಕತ್ತಲೆ, ಗಾಳಿಯಾಡದ ಚೀಲ, ಈ ಮೂರೂ ಸೇರಿದರೆ ಲೆನ್ಸ್‌ನೊಳಗೆ ಬೂಷ್ಟು ಬಲೆ ಕಟ್ಟುತ್ತದೆ. ಒಂದು ಮಳೆಗಾಲ ನಾನೇ ಕ್ಯಾಮೆರಾವನ್ನು ಅದರ ಚೀಲದಲ್ಲೇ ಕಪಾಟಿನೊಳಗೆ ಬಿಟ್ಟಿದ್ದೆ. ನವರಾತ್ರಿಗೆ ತೆಗೆದು ನೋಡಿದರೆ ಝೂಮ್ ಲೆನ್ಸ್‌ನ ಒಳಗೆ ಜೇಡರ ಬಲೆಯಂಥ ಎಳೆಗಳು. ಬಿಚ್ಚಿ ಒರೆಸಿದ ಮೇಲೂ ಗಾಜಿನ ಲೇಪದ ಮೇಲೆ ಕಲೆ ಉಳಿಯಿತು.

ಈಗ ಮಾಡುವುದು ಇಷ್ಟು. ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಬೇಕು. ಜೆಲ್‌ನ ಬಣ್ಣ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸುತ್ತೇನೆ. ಆ ಬಾಣಲೆಯನ್ನು ಅಡುಗೆಗೆ ಮುಟ್ಟಿಸುವುದಿಲ್ಲ. ಅಕ್ಕಿ ಡಬ್ಬಿಯಲ್ಲಿ ಕ್ಯಾಮೆರಾ ಇಡಬೇಡಿ. ಅಕ್ಕಿಯ ಹಿಟ್ಟು ಸಂದಿಯೊಳಗೆಲ್ಲ ಸೇರುತ್ತದೆ. ಎಲ್ಲಕ್ಕಿಂತ ಒಳ್ಳೆಯ ಮದ್ದು, ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೊ ತೆಗೆಯುವುದು.

ಬಿಸಿ ಮತ್ತು ತೇವದಿಂದ ಸೆನ್ಸರ್ ಕೂಡ ಹೋದದ್ದುಂಟು. 2002ರಿಂದ 2004ರವರೆಗೆ ಮಾರಾಟವಾದ ಹಲವು ಕಂಪನಿಗಳ ಕ್ಯಾಮೆರಾಗಳಲ್ಲಿ ಒಂದೇ ಕಡೆ ತಯಾರಾದ ಸಿಸಿಡಿಗಳಿದ್ದವು (ಸಿಸಿಡಿ ಅಂದರೆ ಹಳೆಯ ಒಂದು ಬಗೆಯ ಸೆನ್ಸರ್). ಬಿಸಿ, ತೇವದ ಹವೆಯಲ್ಲಿ ಅವು ಕೆಟ್ಟು ಚಿತ್ರ ಕದಡಿಹೋಗುತ್ತಿತ್ತು, ಇಲ್ಲವೇ ಪೂರ್ತಿ ಕಪ್ಪಾಗುತ್ತಿತ್ತು. 2005ರಲ್ಲಿ ಕಂಪನಿಗಳು ಉಚಿತ ರಿಪೇರಿ ಘೋಷಿಸಿದವು. ಆ ಸೌಲಭ್ಯ ಮುಗಿದು ಬಹಳ ಕಾಲವಾಯಿತು. ಆ ವರ್ಷಗಳ ಪುಟ್ಟ ಕ್ಯಾಮೆರಾ ಕೊಳ್ಳುವವರು ಒಂದು ಫೋಟೊ ತೆಗೆದು ನೋಡದೆ ದುಡ್ಡು ಕೊಡಬೇಡಿ.

ಹಳೆ ಸಿಸಿಡಿ ಕ್ಯಾಮೆರಾದ ಬಣ್ಣವೇ ಚೆಂದ ಅಂತಾರೆ, ಹೌದಾ?

ಆ ಕಾಲದ ಜೆಪೆಗ್‌ಗಳ ಬಣ್ಣ ಬೇರೆ ಥರ ಇತ್ತು, ಅದು ಚೆಂದ ಅನ್ನಿಸುವುದೂ ಸಹಜ. ಆದರೆ ಬಣ್ಣವನ್ನು ತೀರ್ಮಾನಿಸುವುದು ಸೆನ್ಸರ್ ಮೇಲಿನ ಬಣ್ಣದ ಫಿಲ್ಟರ್ ಮತ್ತು ಕಂಪನಿಯ ಲೆಕ್ಕಾಚಾರ. ಸಿಸಿಡಿ ಅನ್ನುವ ಒಂದೇ ಕಾರಣಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಲೆನ್ಸ್‌ಗಳೂ ಹಳತಾಗುತ್ತವೆಯಾ?

ಕ್ಯಾಮೆರಾಕ್ಕಿಂತ ಬಹಳ ನಿಧಾನವಾಗಿ. ಕೆನಾನ್‌ನ ಇಎಫ್ ಮೌಂಟ್ (ಲೆನ್ಸ್ ಕೂರಿಸುವ ಜೋಡಣೆ) 1987ರದ್ದು. ಆ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಇವತ್ತಿನ ಆರ್ ಕ್ಯಾಮೆರಾಗಳಲ್ಲೂ ಫೋಕಸ್ ಮಾಡುತ್ತವೆ. ನಿಕಾನ್‌ನಲ್ಲಿ ಒಂದು ಕೊಕ್ಕೆ ಇದೆ. ಹಳೆಯ ಎಎಫ್-ಡಿ ಲೆನ್ಸ್‌ಗಳ ಒಳಗೆ ಮೋಟಾರ್ ಇಲ್ಲ. ಡಿ90, ಡಿ7000ದಂಥ ಕ್ಯಾಮೆರಾಗಳ ಒಳಗೆ ಮೋಟಾರ್ ಇರುವುದರಿಂದ ಸರಿಹೋಗುತ್ತದೆ. ಡಿ40, ಡಿ3200, ಡಿ5600ರಲ್ಲಿ ಅದು ಇಲ್ಲ, ಕೈಯಲ್ಲೇ ಫೋಕಸ್ ಮಾಡಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ಲೆನ್ಸ್ ತಂದು ಬೇಸರಪಟ್ಟವರನ್ನು ನೋಡಿದ್ದೇನೆ. ದುಡ್ಡು ಕಡಿಮೆ ಇದ್ದರೆ ಹಳೆ ಕ್ಯಾಮೆರಾಕ್ಕೇ ಒಳ್ಳೆ ಲೆನ್ಸ್ ಹಾಕಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಏನೇನು ನೋಡಬೇಕು?

ನಿಮ್ಮದೇ ಕಾರ್ಡ್ ತೆಗೆದುಕೊಂಡು ಹೋಗಿ. ಹತ್ತಿಪ್ಪತ್ತು ಫೋಟೊ ತೆಗೆದು ಮನೆಯಲ್ಲಿ ದೊಡ್ಡ ಪರದೆಯಲ್ಲಿ ನೋಡಿ, ಆಮೇಲೆ ಮಾತು ಕೊಡಿ. ಎಫ್ 16 ಇಟ್ಟು ಆಕಾಶದ ಒಂದು ಫೋಟೊ ತೆಗೆದರೆ ಸೆನ್ಸರ್ ಮೇಲಿನ ಧೂಳು ಕಾಣುತ್ತದೆ. ಧೂಳಿದ್ದರೆ ಹೆದರಬೇಡಿ, ಒರೆಸಿದರೆ ಹೋಗುತ್ತದೆ. ಮೊಬೈಲ್ ಟಾರ್ಚ್ ಅನ್ನು ಲೆನ್ಸ್‌ನ ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆಯಿಂದ ನೋಡಿದರೆ ಬೂಷ್ಟು ಕಾಣುತ್ತದೆ. ಅದಿದ್ದರೆ ಬೇಡ. ಹಿಡಿಕೆಯ ರಬ್ಬರ್ ಅಂಟಂಟಾಗಿದೆಯಾ ನೋಡಿ. ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್‌ನದ್ದಾದರೆ ಒಳಗಿನ ಸೂಜಿಗಳು ಬಗ್ಗಿರಬಾರದು. ನಿಕಾನ್ ಫೋಟೊಗಳಲ್ಲಿ ಶಟರ್ ಕೌಂಟ್ ಫೈಲ್‌ನೊಳಗೇ ಬರೆದಿರುತ್ತದೆ. ಬಿಲ್ ಇದ್ದರೆ ಕೇಳಿ ಪಡೆಯಿರಿ, ಕದ್ದ ಮಾಲು ನಿಮ್ಮ ಕೈಗೆ ಬರಬಾರದು.

ಇದನ್ನು ಇಟ್ಟುಕೊಂಡು ದುಡಿಯಬಹುದಾ?

ಸ್ಟುಡಿಯೊದಲ್ಲಿ ಆಗುತ್ತದೆ. ಫ್ಲ್ಯಾಶ್ ಬೆಳಕಿನಲ್ಲಿ, ಕಡಿಮೆ ಐಎಸ್‌ಒದಲ್ಲಿ, 12 ಮೆಗಾಪಿಕ್ಸೆಲ್‌ನ ಚಿತ್ರಕ್ಕೂ ಹೊಸದಕ್ಕೂ ಪ್ರಿಂಟ್‌ನಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟ. ಆದರೆ ಮದುವೆಗೆ ಒಂದೇ ಹಳೆ ಕ್ಯಾಮೆರಾ ಹಿಡಿದು ಹೋಗಬೇಡಿ. ಧಾರೆಯ ಹೊತ್ತಿಗೆ ಶಟರ್ ನಿಂತರೆ ಆ ಕ್ಷಣ ಮತ್ತೆ ಬರುವುದಿಲ್ಲ. ಎರಡು ಕಾರ್ಡ್ ಹಾಕುವ ಕ್ಯಾಮೆರಾ, ಜೊತೆಗೆ ಇನ್ನೊಂದು ಕ್ಯಾಮೆರಾ ಇರಲೇಬೇಕು.

ಬೀರುವಿನಲ್ಲಿ ಹತ್ತು ವರ್ಷದಿಂದ ಇದ್ದ ಕ್ಯಾಮೆರಾ ಸಿಕ್ಕಿತು. ಮೊದಲು ಏನು ಮಾಡಲಿ?

ಆನ್ ಮಾಡುವ ಮೊದಲು ಬ್ಯಾಟರಿ ಹೊರಗೆ ತೆಗೆದು ಉಬ್ಬಿದೆಯಾ, ಸೋರಿದೆಯಾ ನೋಡಿ. ಸರಿಯಿದ್ದರೆ ಕಣ್ಣೆದುರೇ ಇಟ್ಟುಕೊಂಡು ಚಾರ್ಜ್ ಮಾಡಿ. ಆನ್ ಆದ ಮೇಲೆ ದಿನಾಂಕ ಕೇಳಿದರೆ ಗಾಬರಿ ಬೇಡ. ಗಡಿಯಾರದ ಒಳಸೆಲ್ ಖಾಲಿಯಾಗಿರುತ್ತದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು ಬ್ಯಾಟರಿಯಿಂದಲೇ ಮತ್ತೆ ತುಂಬಿಕೊಳ್ಳುತ್ತದೆ, ಎರಡು ದಿನ ಹಾಗೆಯೇ ಬಿಡಿ.

ಕಾರ್ಡ್ ಅನ್ನು ಮಾತ್ರ ಫಾರ್ಮ್ಯಾಟ್ ಮಾಡಬೇಡಿ. ಕ್ಯಾಮೆರಾ ಕೇಳಿದರೂ ಬೇಡ ಅನ್ನಿ. ಮೊದಲು ಕಾರ್ಡ್ ತೆಗೆದು ಕಂಪ್ಯೂಟರ್‌ಗೆ ಹಾಕಿ, ಇದ್ದದ್ದನ್ನೆಲ್ಲ ಎರಡು ಕಡೆ ನಕಲು ಮಾಡಿಡಿ. ನೆಂಟರೊಬ್ಬರು ಕೊಟ್ಟ ಹಾಳಾದ ಪುಟ್ಟ ಕ್ಯಾಮೆರಾದ ಕಾರ್ಡ್‌ನಲ್ಲಿ ನನಗೆ ಸಿಕ್ಕಿದ್ದು 41 ಫೋಟೊ. ಅದರಲ್ಲಿ ಆರು, ಅವರ ಅಮ್ಮ ಅಂಗಳದಲ್ಲಿ ಕೂತು ಹಪ್ಪಳ ಒಣಗಿಸುತ್ತಿದ್ದಾಗ ತೆಗೆದವು. ಅಮ್ಮನ ಬೇರೆ ಫೋಟೊ ಅವರ ಮನೆಯಲ್ಲಿ ಇರಲಿಲ್ಲ. 4 ಮೆಗಾಪಿಕ್ಸೆಲ್‌ನ ಚಿತ್ರ ಅದು, ಆದರೂ 8x10 ಪ್ರಿಂಟ್ ಹಾಕಿಸಿಕೊಟ್ಟೆ.